ಮಂಡಿಗೆಯಿಂದ ಕೇಕಿನವರೆಗೆ

ಒಂದು ಸೀಮೆಯ ಪೂರ್ವಚರಿತ್ರೆಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಶಿಲಾಶಾಸನ, ತಾಮ್ರಪಟ, ಬಖರುಗಳ ಕಡೆಗೆ ದೃಷ್ಟಿಯನ್ನು ಹೊರಳಿಸುವರು. ಅಡಿಗೆಯ ಮನೆಯ ಕಡೆಗೆ ನೋಡುವವರು ವಿರಳ. ಆದರೆ ಅರಸರ ವಂಶಗಳು ಅಳಿದು, ಅವರ ಕೋಟೆಗಳು ಕುಸಿದ ಮೇಲೆಯೂ, ಅವರ ಪಂಕ್ತಿಯಲ್ಲಿ ಬಡಿಸಿದ ಭಕ್ಷ್ಯವೊಂದು ಸಾಮಾನ್ಯ ಗೃಹಸ್ಥರ ಮದುವೆಯ ಎಲೆಯಲ್ಲಿ ಉಳಿದುಬರುವುದುಂಟು. ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳಲ್ಲಿಯೂ, ಅವುಗಳ ಭಾಗಗಳಾಗಿದ್ದು ಈಚೆಗೆ ಬೇರೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳಲ್ಲಿಯೂ ಈಗ ಮಕ್ಕಳ ಹುಟ್ಟುಹಬ್ಬಕ್ಕೆ ಪದರಪದರವಾಗಿ ಕೆನೆ ಹಚ್ಚಿ, ಮೇಲೆ ಕೆಂಪು ಸ್ಟ್ರಾಬೆರಿ ಹಣ್ಣುಗಳನ್ನು ಜೋಡಿಸಿದ ಕೇಕನ್ನು ತರುವುದು ಅಥವಾ ಮನೆಯಲ್ಲಿಯೇ ಮಾಡುವುದು ರೂಢಿಯಾಗಿದೆ. ಹಿರಿಯರು ಅದನ್ನು ಪರದೇಶದ ಪದಾರ್ಥವೆಂದು ಮೂಗು ಮುರಿಯುವರು. ಕಿರಿಯರು ಅದಿಲ್ಲದೆ ಸಂಭ್ರಮವೇ ಇಲ್ಲವೆನ್ನುವರು. ಈ ಎರಡು ಮಾತುಗಳನ್ನೂ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಗೋಧಿಯ ಹಿಟ್ಟು, ಸಕ್ಕರೆ, ಹಾಲಿನ ಸಾರ ಇವುಗಳನ್ನು ಪದರಗಳಾಗಿ ಕೂಡಿಸಿ, ಬೆಂಕಿಯಲ್ಲಿ ಬೇಯಿಸಿ, ಮಂಗಲಕಾರ್ಯದಲ್ಲಿ ಬಡಿಸುವುದು ಈ ನಾಡಿಗೆ ಹೊಸದೇನೂ ಅಲ್ಲ. ಬೆಳಗಾವಿ ಸೀಮೆಯಲ್ಲಿ ಅದರ ಹೆಸರು ಮಂಡಿಗೆ. ಸಂಸ್ಕೃತದ ‘ಮಂಡಕ’ವೇ ಕನ್ನಡದಲ್ಲಿ ಮಂಡಗೆ, ಮಂಡಿಗೆ ಎಂದೂ, ಮರಾಠಿಯಲ್ಲಿ ಮಾಂಡೆ ಎಂದೂ ಆಯಿತು. ಕೈಗೂಡದ ಆಸೆಗಳಲ್ಲಿ ಮೈಮರೆಯುವವನನ್ನು ಕನ್ನಡಿಗರು ‘ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಾನೆ’ ಎನ್ನುವರು. ಮರಾಠಿಗರೂ ಅದೇ ಅರ್ಥದಲ್ಲಿ ‘ಮನಾತ ಮಾಂಡೆ ಖಾಣೆ’ ಎನ್ನುವರು. ದಿನವೂ ದೊರೆಯುವ ವಸ್ತುವನ್ನು ಯಾರೂ ಮನಸ್ಸಿನಲ್ಲಿ ತಿನ್ನಬೇಕಾಗಿಲ್ಲ. ಆದುದರಿಂದ ಎರಡೂ ಭಾಷೆಗಳವರಿಗೆ ಮಂಡಿಗೆಯು ದುರ್ಲಭವಾದ ಸುಖದ ಗುರುತಾಗಿದ್ದಿತೆಂಬುದು ಈ ನುಡಿಗಟ್ಟಿನಿಂದಲೇ ಸಿದ್ಧವಾಗುತ್ತದೆ.

ಮಂಡಕದ ಪಾಕವಿಧಾನವನ್ನು ವಿಸ್ತಾರವಾಗಿ ಹೇಳುವ ಪ್ರಾಚೀನ ಗ್ರಂಥವು ಕನ್ನಡನಾಡಿನಲ್ಲಿಯೇ ಹುಟ್ಟಿದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೇ ಅದು. ಇದಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದಲ್ಲಿ ‘ಅನ್ನಭೋಗ’ವೆಂಬ ಅಧ್ಯಾಯವು ಅರಸನ ಊಟವನ್ನು ವರ್ಣಿಸುತ್ತದೆ. ಅಲ್ಲಿಯ ಕ್ರಮವನ್ನು ವಾಚಕರು ಗಮನಿಸಬೇಕು. ಗೋಧಿಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಬೀಸುವ ಕಲ್ಲಿನಲ್ಲಿ ಬೀಸಿ, ಜರಡಿ ಹಿಡಿದು, ನಯವಾದ ಹಿಟ್ಟಿಗೆ ಸ್ವಲ್ಪ ತುಪ್ಪವನ್ನೂ ಉಪ್ಪನ್ನೂ ಬೆರೆಸಿ, ಹಾಲುನೀರಿನಿಂದ ಕಲಸಬೇಕು. ದೊಡ್ಡ ಮರದ ಪಾತ್ರೆಯಲ್ಲಿ ಅಂಗೈಯಿಂದ ಬಡಿಬಡಿದು ಜಿಗುಟು ಬರುವಂತೆ ನಾದಬೇಕು. ಉಂಡೆಗಳನ್ನು ಮಾಡಿ, ಅಂಗೈಗೆ ಜಿಡ್ಡು ಸವರಿಕೊಂಡು, ಅಕ್ಕಿಯ ಹಿಟ್ಟನ್ನು ಉದುರಿಸಿ, ಕೈಗಳ ಚಲನೆಯಿಂದಲೇ ಅಗಲವಾಗಿ ಹರಡಬೇಕು. ಬಳಿಕ ಕಾದ ಖರ್ಪರದ ಮೇಲೆ ಹಾಕಬೇಕು. ಖರ್ಪರವೆಂದರೆ ಮಣ್ಣಿನ ಹೆಂಚು. ಲಟ್ಟಣಿಗೆಯ ಮಾತು ಇಲ್ಲಿ ಬರುವುದೇ ಇಲ್ಲ. ಎಲ್ಲವೂ ಕೈಯ ಕೆಲಸ.

ಸೋಮೇಶ್ವರನ ಕಾಲಕ್ಕೆ ಕೊಲ್ಲಾಪುರದ ಶಿಲಾಹಾರರು ಚಾಲುಕ್ಯರ ಮಾಂಡಲಿಕರಾಗಿದ್ದರು. ಕೃಷ್ಣೆಯ ಈ ತೀರವು ಅದೇ ಸಾಮ್ರಾಜ್ಯದ ಪರಿಧಿಯಲ್ಲಿದ್ದಿತು. ಕಲ್ಯಾಣದ ಗ್ರಂಥದಲ್ಲಿ ಕಾಣುವ ಪಾಕವು ಈ ಭಾಗದಲ್ಲಿ ಇಂದಿಗೂ ಉಳಿದುದು ಆದಕಾರಣ ಆಶ್ಚರ್ಯವಲ್ಲ. 16ನೆಯ ಶತಮಾನದ ವೈದ್ಯಗ್ರಂಥವಾದ ‘ಭಾವಪ್ರಕಾಶ’ದಲ್ಲಿ ಭಾವಮಿಶ್ರನು ಮಂಡಕವನ್ನು ಮತ್ತೆ ಹೇಳುತ್ತ, ಕೈಯಿಂದ ಹರಡಿದ ಹಿಟ್ಟನ್ನು ಬೋರಲು ಹಾಕಿದ ಗಡಿಗೆಯ ಹೊರಮೈಮೇಲೆ ಹಾಸಿ ಮಂದಾಗ್ನಿಯಲ್ಲಿ ಬೇಯಿಸಬೇಕೆಂದೂ, ಹಾಲು, ತುಪ್ಪ, ಸಕ್ಕರೆಗಳೊಡನೆ ತಿನ್ನಬೇಕೆಂದೂ ವಿಧಿಸಿರುವನು. ಬೋರಲು ಗಡಿಗೆಯ ಯುಕ್ತಿಗೆ ಕಾರಣವುಂಟು. ಬಟ್ಟೆಯಷ್ಟು ತೆಳುವಾದ ಹಿಟ್ಟು ಚಪ್ಪಟೆಯ ಹೆಂಚಿನ ಮೇಲೆ ನೆರಿಗೆಗಟ್ಟುವುದು. ಉಬ್ಬಿದ ಮೈಮೇಲಾದರೋ ತನ್ನ ಭಾರದಿಂದಲೇ ಸುತ್ತಲೂ ಜಗ್ಗಿಕೊಂಡು ಬಿಗಿಯಾಗಿ ನಿಲ್ಲುವುದು.

ಸಂತ ಜ್ಞಾನೇಶ್ವರರ ಬಗೆಗಿನ ಪ್ರಸಿದ್ಧ ಐತಿಹ್ಯವೂ ಈ ಗಡಿಗೆಯನ್ನೇ ಅವಲಂಬಿಸಿದೆ. ತಂಗಿಯಾದ ಮುಕ್ತಾಬಾಯಿಯು ಮಾಂಡೆ ಮಾಡಲೆಂದು ಕುಂಬಾರರಲ್ಲಿಗೆ ಹೋದಾಗ, ವಿಸೋಬನ ಕಟ್ಟಪ್ಪಣೆಯಿಂದ ಅವಳಿಗೆ ಮಡಕೆಯು ದೊರೆಯಲಿಲ್ಲವಂತೆ. ಆಗ ಅಣ್ಣನು ಯೋಗಾಗ್ನಿಯಿಂದ ತನ್ನ ಬೆನ್ನನ್ನೇ ಕಾಯಿಸಿ, ಅದರ ಮೇಲೆ ಮಾಂಡೆ ಸುಡುವಂತೆ ಹೇಳಿದನಂತೆ. ಐತಿಹ್ಯವನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಆದರೆ ಈ ಕಥೆಯನ್ನು ಮೊದಲು ಹೇಳಿದವರು ಅಡಿಗೆಯನ್ನು ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ. ಬಾಗಿದ ಬೆನ್ನು ಬೋರಲು ಗಡಿಗೆಯಂತೆಯೇ ಉಬ್ಬಿದ ಮೈಯುಳ್ಳದ್ದು.

ಬೆಳಗಾವಿ ಸೀಮೆಯಲ್ಲಿ ಈಗ ಮಾಡುವ ಮಂಡಿಗೆಯಲ್ಲಿ ಸಕ್ಕರೆಯು ಹೊರಗಿನಿಂದ ಒಳಗೆ ಬಂದಿದೆ. ನೆನೆದು ಹದವಾದ ಕಣಕದ ಉಂಡೆಯಲ್ಲಿ ಪಿಠಿಸಕ್ಕರೆ, ತುಪ್ಪ, ಯಾಲಕ್ಕಿ ಇವುಗಳ ಹೂರಣವನ್ನು ತುಂಬುವರು. ಖವಾ ಬೆರೆಸುವುದೂ ಉಂಟು. ಉಂಡೆಯನ್ನು ಲಟ್ಟಿಸಿ, ಎರಡು ಕೈಗಳ ಮೇಲೆ ತೂಗುತ್ತ ತಿರುಗಿಸುತ್ತ ಹಿಗ್ಗಿಸಿ, ಬೋರಲು ಹಾಕಿದ ಗಡಿಗೆಯ ಅಥವಾ ಕಬ್ಬಿಣದ ಕಡಾಯಿಯ ಮೇಲೆ ಹಾಸುವರು. ಒಳಗಿನ ಸಕ್ಕರೆಯು ಕರಗುವಷ್ಟರಲ್ಲಿ ತೆಗೆದು, ಬಿಸಿ ಆರುವ ಮೊದಲೇ ಮಡಿಕೆಮಡಿಕೆಯಾಗಿ ಮಡಿಚುವರು. ಕ್ಷಣ ತಡವಾದರೆ ಅದು ಗರಿಗಟ್ಟಿ ಮುರಿಯುವುದು; ಕ್ಷಣ ಮುಂಚೆ ತೆಗೆದರೆ ಹಸಿಯಾಗಿ ಉಳಿಯುವುದು. ಆರಿದ ಮಂಡಿಗೆಯು ಹಲವು ದಿನ ಕೆಡುವುದಿಲ್ಲ. ಆದುದರಿಂದಲೇ ಅದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಒಪ್ಪಿಸುವ ರುಖವತದಲ್ಲಿ ಗೌರವದ ಸ್ಥಾನವನ್ನು ಪಡೆಯಿತು. ಬಣ್ಣದ ಉಂಡೆಗಳನ್ನು ಗೋಪುರದಂತೆ ಪೇರಿಸಿ, ಸಕ್ಕರೆಯ ಗೊಂಬೆಗಳನ್ನಿಟ್ಟು, ನಾಲ್ಕು ಜನ ನೋಡುವಂತೆ ಭಕ್ಷ್ಯಗಳನ್ನು ಶೃಂಗರಿಸುವ ಕಲೆಯು ಈ ರುಖವತದಲ್ಲಿಯೇ ಬೆಳೆದುದು. ಕೇಕಿನ ಮೇಲೆ ಕೆನೆಯ ಹೂ ಬಿಡಿಸುವ ಕೈಗಳಿಗೆ ಆ ಕಲೆಯು ಅಪರಿಚಿತವಲ್ಲ.

ಸಕ್ಕರೆಯ ಚರಿತ್ರೆಯು ಈ ತಾಲೂಕುಗಳ ಚರಿತ್ರೆಯೇ ಸರಿ. ಸಂಸ್ಕೃತದ ‘ಶರ್ಕರಾ’ ಪಾರಸಿ, ಅರಬ್ಬಿಗಳ ಮೂಲಕ ಯುರೋಪಿಗೆ ಹೋಗಿ ಇಂಗ್ಲಿಷಿನ ‘ಶುಗರ್’ ಆಯಿತು. ‘ಖಂಡ’ವು ಅದೇ ಹಾದಿಯಿಂದ ‘ಕ್ಯಾಂಡಿ’ಯಾಯಿತು. ಆದರೆ ಸಕ್ಕರೆಗೆ ಹೆಸರಿಟ್ಟ ನಾಡಿನಲ್ಲಿ ಬಿಳಿಯ ಸಕ್ಕರೆಯು ಬಹುಕಾಲ ಉಳ್ಳವರ ವಸ್ತುವಾಗಿಯೇ ಉಳಿದಿತ್ತು. ರೈತರ ಹಬ್ಬವು ಗಾಣದ ಬೆಲ್ಲದಿಂದ, ಹೋಳಿಗೆಯಿಂದ ನಡೆಯುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಜಾವಾ ದ್ವೀಪದ ಸಕ್ಕರೆಯು ಹಿಂದುಸ್ಥಾನದ ಪೇಟೆಗಳನ್ನು ತುಂಬಿತ್ತು. 1932ರಲ್ಲಿ ದೇಶೀಯ ಸಕ್ಕರೆಯ ಉದ್ಯಮಕ್ಕೆ ಸಂರಕ್ಷಣೆಯ ಕಾಯಿದೆಯಾದ ಮೇಲೆ ಕಾರಖಾನೆಗಳು ಬೇಗಬೇಗನೆ ಎದ್ದವು. ಇಂದಿನ ಕಾಗವಾಡ ತಾಲೂಕಿಗೆ ಸೇರಿದ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿತವಾದುದು 1939ರಲ್ಲಿ. ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಸುತ್ತಲೂ ಸಹಕಾರಿ ಕಾರಖಾನೆಗಳಾದವು. ಹೀಗೆ ಸಿರಿವಂತರ ಪಂಕ್ತಿಯ ಬಿಳಿಯ ಸಕ್ಕರೆಯು ಕಬ್ಬು ಬೆಳೆದವನ ಮನೆಗೂ ಬಂದಿತು. ಮಂಡಿಗೆಗೆ ಅನುಕೂಲವಾಗಬೇಕಾಗಿದ್ದ ಈ ಸಮೃದ್ಧಿಯೇ ಕೇಕಿಗೂ ದಾರಿಯನ್ನು ತೆರೆಯಿತು.

ಇನ್ನು ಕೇಕಿನ ವಿಚಾರ. ‘ಕೇಕ್’ ಎಂಬುದು ಉತ್ತರ ಯುರೋಪಿನ ಪ್ರಾಚೀನ ನೋರ್ಸ್ ಭಾಷೆಯ ಶಬ್ದ. ಮೊದಲು ಅದು ಚಪ್ಪಟೆಯ ರೊಟ್ಟಿಗೇ ಸಲ್ಲುತ್ತಿದ್ದಿತು. ತತ್ತಿಯನ್ನು ನೊರೆಯೆದ್ದು ಉಬ್ಬುವಂತೆ ಕಡೆದು ಹಿಟ್ಟನ್ನು ಹಗುರಗೊಳಿಸುವ ವಿಧಾನವು ತರುವಾಯ ಬಂದುದು. ಇಂಗ್ಲಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ತತ್ತಿಯೂ ಹುದುಗೂ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1843ರಲ್ಲಿ, ಹುದುಗಿಲ್ಲದೆ ಹಿಟ್ಟನ್ನು ಉಬ್ಬಿಸುವ ಪುಡಿಯನ್ನು ಸಿದ್ಧಪಡಿಸಿದನು. ಇದೇ ಬೇಕಿಂಗ್ ಪೌಡರು. ಲಿಂಗಾಯತರೂ ಜೈನರೂ ಬಹುಸಂಖ್ಯೆಯಲ್ಲಿರುವ ಕೃಷ್ಣಾತೀರದ ಊರುಗಳಲ್ಲಿ ತತ್ತಿಯಿಲ್ಲದ ಕೇಕು ನೆಲೆಯೂರಿದುದು ಈ ಪುಡಿಯ, ಸೋಡಾದ ಮತ್ತು ಮೊಸರಿನ ಬಲದಿಂದ. ಮೊಸರಿನ ಹುಳಿಯು ಸೋಡಾದೊಡನೆ ಕೂಡಿದಾಗ ವಾಯುವು ಹುಟ್ಟಿ, ಹಿಟ್ಟಿನಲ್ಲಿ ಸಿಕ್ಕಿಕೊಂಡು, ಕಾವಿನಲ್ಲಿ ಹಿಗ್ಗುವುದು. ವ್ರತ ಹಿಡಿದ ಜೈನ ಗೃಹಸ್ಥರು ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲವಾದುದರಿಂದ, ಅಂಥ ಮನೆಗಳಲ್ಲಿ ಕೇಕು ಕೊಯ್ಯುವುದೂ ಹಗಲಿನಲ್ಲಿಯೇ ಆಗಬೇಕು. ಹೊಸ ಭಕ್ಷ್ಯವು ಮನೆಯ ನೇಮಕ್ಕೆ ಒಳಗಾಗುವ ಬಗೆಯಿದು.

ಮೇಲಿರುವ ಹಣ್ಣಿನ ವೃತ್ತಾಂತವು ಇನ್ನೂ ಸ್ವಾರಸ್ಯವುಳ್ಳದ್ದು. ಇಂದಿನ ದಪ್ಪ ಸ್ಟ್ರಾಬೆರಿಯು ಪ್ರಾಚೀನವಲ್ಲ. 1714ರಲ್ಲಿ ಫ್ರೇಜಿಯೇ ಎಂಬ ಫ್ರೆಂಚ್ ಅಧಿಕಾರಿಯು ದಕ್ಷಿಣ ಅಮೇರಿಕದ ಚಿಲಿ ದೇಶದಿಂದ ತಂದ ಗಿಡಗಳು ಉತ್ತರ ಅಮೇರಿಕದ ಗಿಡಗಳೊಡನೆ ಫ್ರಾನ್ಸಿನ ತೋಟಗಳಲ್ಲಿ ಬೆರೆತು ಈ ಸಂಕರ ಜಾತಿಯು ಹುಟ್ಟಿತು. ಬ್ರಿಟಿಷರು ತಮ್ಮ ಬೇಸಗೆಯ ಬೀಡಾದ ಮಹಾಬಳೇಶ್ವರದ ತಂಪು ಬೆಟ್ಟಗಳಲ್ಲಿ ಇದನ್ನು ಬೆಳೆಸಿದರು. ಅಲ್ಲಿಯ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಹಾಬಳೇಶ್ವರವೆಂದರೆ ಕೃಷ್ಣೆಯ ಉಗಮಸ್ಥಾನ. ಅಲ್ಲಿ ಹುಟ್ಟಿದ ನದಿಯು ವಾಯಿ, ಕರಾಡ, ಸಾಂಗಲಿಗಳನ್ನು ದಾಟಿ, ಪಂಚಗಂಗಾ, ದೂಧಗಂಗಾಗಳನ್ನು ಕೂಡಿಕೊಂಡು ಈ ತಾಲೂಕುಗಳ ಕಬ್ಬಿಗೆ ನೀರೂಡುವುದು. ಹಣ್ಣಾದರೋ ಚಳಿಗಾಲದ ಸುಗ್ಗಿಯಲ್ಲಿ ಸಾತಾರಾ, ಕೊಲ್ಲಾಪುರಗಳ ಹೆದ್ದಾರಿಯಿಂದ ನಿಪ್ಪಾಣಿಗೆ ಇಳಿದುಬರುವುದು. ಕೇಕಿನ ಒಳಗಿನ ಸಕ್ಕರೆಯೂ ಮೇಲಿನ ಹಣ್ಣೂ ಒಂದೇ ಹೊಳೆಯ ನಡುವಣ ಮತ್ತು ಮೊದಲಿನ ಫಲಗಳು.

ಈ ಕೇಕನ್ನು ಮನೆಗಳಲ್ಲಿ ಮಾಡುವ ಕ್ರಮವು ಸುಲಭವೇ. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ಗಟ್ಟಿ ಮೊಸರು, ಅರ್ಧ ಬಟ್ಟಲು ಎಣ್ಣೆ, ಸವಾ ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಸೋಡಾ. ಭಟ್ಟಿಯಿಲ್ಲದ ಮನೆಯಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಸುಮಾರು ಬೇಯಿಸುವರು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತು. ಪೂರ್ಣ ಆರಿದ ಮೇಲೆ ಅಡ್ಡಲಾಗಿ ಎರಡು ಮೂರು ಪದರಗಳಾಗಿ ಕೊಯ್ದು, ಸಕ್ಕರೆಯ ನೀರನ್ನು ಚಿಮುಕಿಸಿ, ತಣ್ಣಗೆ ಕಡೆದ ಕೆನೆಯನ್ನೂ ಹೆಚ್ಚಿದ ಹಣ್ಣನ್ನೂ ನಡುವೆ ಹರಡುವರು. ಹಣ್ಣನ್ನು ತೊಳೆದ ಬಳಿಕ ಬಟ್ಟೆಯಿಂದ ಒರಸಲೇಬೇಕು. ನೀರಿನ ಪಸೆ ಉಳಿದರೆ ಕೆನೆಯು ಒಡೆದು ಸುರಿಯುವುದು. ಮೇಲಿನ ಇಡೀ ಹಣ್ಣುಗಳನ್ನು ಕೊನೆಯ ಗಳಿಗೆಯಲ್ಲಿ ಜೋಡಿಸುವುದು ಲೇಸು. ಎಷ್ಟೋ ಮನೆಗಳಲ್ಲಿ ಕೇಕು ಕೊಯ್ಯುವ ಮುನ್ನ ಮಗುವಿಗೆ ಕುಂಕುಮವಿಟ್ಟು ಆರತಿ ಬೆಳಗುವರು.

ಇಷ್ಟರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕೇಕು ಪರದೇಶದ್ದೆಂಬ ಹಿರಿಯರ ಮಾತು ಅರ್ಧಸತ್ಯ. ಅದರ ಗೋಧಿ, ಸಕ್ಕರೆ, ಕೆನೆ, ಹಣ್ಣುಗಳೆಲ್ಲ ಈ ದೇಶದಲ್ಲಿಯೇ ದೊರೆಯುವವು, ಪದರಗಳ ಭಕ್ಷ್ಯದಿಂದ ಮಂಗಲವನ್ನು ಆಚರಿಸುವ ಬುದ್ಧಿಯೂ ಇಲ್ಲಿಯದೇ. ಅದಿಲ್ಲದೆ ಸಂಭ್ರಮವಿಲ್ಲವೆಂಬ ಕಿರಿಯರ ಮಾತೂ ಅರ್ಧಸತ್ಯ. ಒಂಬತ್ತು ಶತಮಾನಗಳ ಸಂಭ್ರಮವು ಅದಿಲ್ಲದೆಯೇ ನಡೆದಿದೆ. ಆದರೆ ಇವೆರಡಕ್ಕಿಂತಲೂ ಗುರುತರವಾದ ಭೇದವೊಂದುಂಟು. ಕೇಕು ಅಳತೆಯಲ್ಲಿ ಬದುಕಿರುವುದು. ಮಂಡಿಗೆಯು ಕೈಯಲ್ಲಿ ಬದುಕಿರುವುದು. ಬಟ್ಟಲು ಚಮಚಗಳ ಲೆಕ್ಕವನ್ನು ಓದಿ ಅಪರಿಚಿತರೂ ಕೇಕನ್ನು ಮಾಡಬಹುದು. ಮಂಡಿಗೆಯ ವಿಷಯದಲ್ಲಿಯಾದರೋ ಚಕ್ರವರ್ತಿಯ ಗ್ರಂಥವು ಕೂಡ ಕೈಗಳ ಚಲನೆಯಿಂದ ಹರಡಬೇಕೆಂದು ಹೇಳಿ ಸುಮ್ಮನಾಗುತ್ತದೆ. ಆ ಚಲನೆಯು ಎಂಥದೆಂಬುದನ್ನು ತಾಯಿಯು ಮಗಳಿಗೆ, ಅಡಿಗೆಯವನು ಶಿಷ್ಯನಿಗೆ, ಒಲೆಯ ಮುಂದೆ ಕುಳಿತು ತೋರಿಸಿಯೇ ಇಷ್ಟು ಕಾಲ ನಡೆದುಬಂದಿದೆ. ಒಂದು ತಲೆಮಾರು ಕಲಿಯದಿದ್ದರೆ ಮುಂದಿನವರಿಗೆ ಗ್ರಂಥವಿದ್ದೂ ಇಲ್ಲದಂತೆ. ಈಗ ಮದುವೆಗೆ ಬೇಕಾದ ಮಂಡಿಗೆಯನ್ನು ಮಿಠಾಯಿಯ ಅಂಗಡಿಗೆ ಹೇಳಿ ತರಿಸುವ ಮನೆಗಳೇ ಹೆಚ್ಚಾಗುತ್ತಿರುವುದನ್ನು ನೋಡಿದರೆ, ಆ ಹಾನಿಯ ಕಾಲವು ದೂರವಿಲ್ಲವೆನ್ನಿಸುತ್ತದೆ.

ರಾಜ್ಯಗಳ ಬದಲಾವಣೆಯಿಂದ ಮಂಡಿಗೆಗೆ ಕೇಡಾಗಲಿಲ್ಲ. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿದ್ದಾಗಲೂ, 1949ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗಲೂ, 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಗಡಿಯ ಎರಡು ಕಡೆಗಳಲ್ಲಿ ಗಡಿಗೆಯು ಬೋರಲಾಗಿಯೇ ಕಾಯುತ್ತಿದ್ದಿತು. ಕೇಕಿನಿಂದಲೂ ಅದಕ್ಕೆ ಕೇಡಾಗಬೇಕಾಗಿಲ್ಲ. ಕೇಡಾಗುವುದಾದರೆ ಕಲಿಸುವವರ ಉದಾಸೀನದಿಂದಲೇ ಆಗುವುದು. ಹುಟ್ಟುಹಬ್ಬಕ್ಕೆ ಕೇಕು ಬರಲಿ. ಆದರೆ ಮದುವೆಯ ಮನೆಯಲ್ಲಿ ಒಮ್ಮೆಯಾದರೂ ಮಂಡಿಗೆಯ ಒಲೆ ಹೂಡಿ, ಕೇಕಿಗೆ ಹೂ ಬಿಡಿಸಲು ಕಲಿತ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಬಲ್ಲವರ ಬಳಿಯಲ್ಲಿ ಕೂಡಿಸತಕ್ಕದ್ದು. ಸೋಮೇಶ್ವರನ ಹೆಸರು ಗ್ರಂಥದಲ್ಲಿ ಉಳಿದಿದೆ. ಅವನಿಗಾಗಿ ಮಂಡಕವನ್ನು ಹರಡಿದವರ ಹೆಸರು ಉಳಿದಿಲ್ಲ. ಇಂದು ಹರಡುತ್ತಿರುವವರ ಹೆಸರು, ಊರು, ಕೈಯ ಕ್ರಮಗಳನ್ನಾದರೂ ಬರೆದಿಡುವುದು ಈ ಸೀಮೆಯ ವಿದ್ಯಾವಂತರಿಗೆ ಸಾಧ್ಯವಾದ ಕೆಲಸವಾಗಿದೆ.