ಮಾಂಟ್‌ಗಮರಿಯ ಒಂಬತ್ತು ವಿದ್ಯಾರ್ಥಿಗಳು

1960ರ ಫೆಬ್ರವರಿ 25ರಂದು ಅಲಬಾಮದ ಮಾಂಟ್‌ಗಮರಿಯಲ್ಲಿ 29 ಕಪ್ಪು ವಿದ್ಯಾರ್ಥಿಗಳು ಕೌಂಟಿ ನ್ಯಾಯಾಲಯದ ನೆಲಮಾಳಿಗೆಯ ಉಪಾಹಾರ ಗೃಹವನ್ನು ಪ್ರವೇಶಿಸಿ ತಿಂಡಿ ಕೇಳಿದರು. ದೊರೆತದ್ದು ನಿರಾಕರಣೆ. ಕೆಲವೇ ದಿನಗಳಲ್ಲಿ ಅವರಲ್ಲಿ ಒಂಬತ್ತು ಮಂದಿಯನ್ನು ಅಲಬಾಮ ಸ್ಟೇಟ್ ಕಾಲೇಜಿನಿಂದ ಹೊರಹಾಕಲಾಯಿತು. ವಿಚಾರಣೆಯಿಲ್ಲ, ಪತ್ರದಲ್ಲಿ ನಿರ್ದಿಷ್ಟ ಆರೋಪವೂ ಇಲ್ಲ. ಮುಂದೆ ಸಾಕ್ಷ್ಯ ನುಡಿಯುವಾಗ ಶಿಕ್ಷಣ ಮಂಡಲಿಯ ಸದಸ್ಯರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು!

ಜಿಲ್ಲಾ ನ್ಯಾಯಾಲಯ ಮಂಡಲಿಯ ಪಕ್ಷ ವಹಿಸಿತು. ಆದರೆ 1961ರ ಆಗಸ್ಟ್ 4ರಂದು ಐದನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ವಿದ್ಯಾರ್ಥಿಗಳು ನಿರ್ದೋಷಿಗಳೆಂದು ಅದು ಹೇಳಲಿಲ್ಲ. ಹೊರಹಾಕುವ ಮುನ್ನ ಆರೋಪವನ್ನು ತಿಳಿಸಬೇಕು, ಸಾಕ್ಷಿಗಳು ಯಾರು, ಏನು ಹೇಳಿದರು ಎಂಬುದನ್ನು ಕೊಡಬೇಕು, ಉತ್ತರ ಹೇಳಲು ಅವಕಾಶವಿರಬೇಕು ಎಂದಿತು. ರೋಗಿಯ ಮಾತು ಕೇಳದೆ ಔಷಧ ಬರೆಯಬಾರದೆಂದು ಕಲಿತ ನಮಗೆ ಇದು ಹೊಸತೆನಿಸದು. ಆದರೂ ಅಂದಿನ ಅಮೆರಿಕಕ್ಕೆ ಹೊಸತೇ ಆಗಿತ್ತು.

ಈ ರಕ್ಷಣೆ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದ್ದು. ಖಾಸಗಿ ಸಂಸ್ಥೆಗಳಲ್ಲಿ ಅವರದೇ ನಿಯಮಪುಸ್ತಕ ಮುಖ್ಯ. ಪ್ರವೇಶದ ದಿನವೇ ಅದನ್ನು ಓದಿಡುವುದು ಲೇಸು. ವಿದ್ಯಾರ್ಥಿ ವೀಸಾದಲ್ಲಿರುವ ನಮ್ಮ ಮಕ್ಕಳಿಗಂತೂ ಕಾಲೇಜು ತಪ್ಪಿದರೆ ಈ ದೇಶದ ನೆಲೆಯೂ ತಪ್ಪೀತು.

ಆ ಒಂಬತ್ತು ಮಂದಿಯ ದಾಖಲೆಯಿಂದ ಉಚ್ಚಾಟನೆಯನ್ನು ಅಳಿಸಿಹಾಕಿದ್ದು 2018ರಲ್ಲಿ.