ತೆಳು ಹಲಗೆಯ ಚರಿತ್ರೆ: ಮೈಸೂರಿನ ಬೀಟೆ ಕೆಲಸ ಮತ್ತು ಪಟ್ಟಿ ಗರಗಸ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಕಟ್ಟಿಗೆ ಅಡ್ಡೆಯ ಮುಂದೆ ಹಾದು ಹೋದವರಿಗೆ ಗರಗಸದ ಯಂತ್ರದ ಸದ್ದು ಹೊಸದಲ್ಲ. ನಮ್ಮ ಮನೆಮಾತಿನಲ್ಲಿ ಅದು ‘ಆರಾ ಮಷೀನ್’. ಬಾಗಿಲ ಚೌಕಟ್ಟು, ತೊಲೆ, ಮಂಚದ ಪಟ್ಟಿ ಎಲ್ಲವೂ ಅದರ ಹಲ್ಲಿನಿಂದಲೇ ಹೊರಬರುತ್ತವೆ. ಆದರೆ ಎರಡು ಮಿಲಿಮೀಟರ್ ದಪ್ಪದ, ತುದಿಯಿಂದ ತುದಿಗೆ ಸಮನಾದ ಹಲಗೆಯನ್ನು ಕೊಯ್ದು ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಆಗುವುದಿಲ್ಲ’ ಎಂಬುದೇ. ಇದು ಯಂತ್ರದ ದೋಷವಲ್ಲ. ಅದನ್ನು ಹೊಂದಿಸುವ ವಿದ್ಯೆ ಯಂತ್ರದ ಜೊತೆಗೆ ನಮ್ಮಲ್ಲಿಗೆ ಬರಲಿಲ್ಲ. ಆ ವಿದ್ಯೆಗೂ ನಮ್ಮ ಸಮುದಾಯದ ಕುಶಲಕರ್ಮಿಗಳಿಗೂ ಇರುವ ಸಂಬಂಧ ದೊಡ್ಡದು. ಅದಕ್ಕಾಗಿಯೇ ಈ ಲೇಖನ.

ಮರವನ್ನು ತೆಳುವಾಗಿ ಕೊಯ್ದು ಬೇರೆ ಮರದ ಮೇಲೆ ಅಂಟಿಸುವ ಕಲೆ ಬಹಳ ಹಳೆಯದು. ಒಳ್ಳೆಯ ಮರ ದುರ್ಲಭವಾಗಿದ್ದ ಪ್ರಾಚೀನ ಈಜಿಪ್ಟಿನಲ್ಲಿ ಸಾಧಾರಣ ಮರದ ಪೆಟ್ಟಿಗೆಗೆ ಕರಿಮರದ ತೆಳು ಹೊದಿಕೆ ಹಾಕುತ್ತಿದ್ದರು. ಇಸ್ಲಾಮೀ ಜಗತ್ತಿನಲ್ಲಿ ಮರಗೆಲಸಕ್ಕೆ ಗೌರವದ ಸ್ಥಾನವಿತ್ತು. ಹಜ್ರತ್ ಜಕರಿಯಾ ಅಲೈಹಿಸ್ಸಲಾಂ ಅವರು ಬಡಗಿಯಾಗಿದ್ದರೆಂದು ಹದೀಸಿನಲ್ಲಿದೆ. ಮೊರಾಕೊದ ಮರಾಕೆಶ್ ನಗರದ ಕುತುಬಿಯ್ಯಾ ಮಸೀದಿಯ ಮಿಂಬರ್‌ನ ಕೆಲಸ 1137ರಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಆರಂಭವಾಯಿತು. ಬಣ್ಣಬಣ್ಣದ ಮರ ಮತ್ತು ಮೂಳೆಯ ಸಣ್ಣ ಚೂರುಗಳನ್ನು ಕೂದಲೆಳೆಯಷ್ಟೂ ಸಂದು ಬಿಡದಂತೆ ಕೂಡಿಸಿ ಮಾಡಿದ ಆ ಪೀಠವನ್ನು ಇಂದಿಗೂ ಮರಾಕೆಶ್‌ನಲ್ಲಿ ನೋಡಬಹುದು. ಅಂಥ ಕೆಲಸಕ್ಕೆ ಮೊದಲು ಬೇಕಾದದ್ದು ಒಂದೇ ದಪ್ಪದ ತೆಳು ಹಲಗೆ.

ನಮ್ಮ ರಾಜ್ಯದಲ್ಲಿ ಈ ಪರಂಪರೆಯನ್ನು ಕಾಣಬೇಕಾದರೆ ಮೈಸೂರಿಗೆ ಹೋಗಬೇಕು. ನಮಗೆ ಹತ್ತಿರದ ಕಿನ್ನಾಳದಲ್ಲಿ ಮರದ ಕಲೆ ಇದೆಯಾದರೂ ಅಲ್ಲಿ ಹಗುರ ಮರವನ್ನು ಕೆತ್ತಿ ಬಣ್ಣ ಕೊಡುತ್ತಾರೆ. ತೆಳು ಹಲಗೆಯ ಅಗತ್ಯ ಬೀಳುವುದಿಲ್ಲ. ಮೈಸೂರಿನ ಬೀಟೆ ಕೆಲಸದಲ್ಲಾದರೋ ಎಲ್ಲವೂ ಅದರ ಮೇಲೆಯೇ ನಿಂತಿದೆ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹಜ್ರತ್ ಟಿಪ್ಪು ಸುಲ್ತಾನರ ಮಜಾರಿನ ಬಾಗಿಲುಗಳು ಕರಿಮರದವು, ಅವುಗಳಲ್ಲಿ ದಂತವನ್ನು ಕೂಡಿಸಲಾಗಿದೆ. ಅವನ್ನು ಮಾಡಿಸಿಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ ಎಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಅಂಬಾವಿಲಾಸದ ಬೀಟೆ ಬಾಗಿಲುಗಳಲ್ಲೂ ದಂತದ ಕೆಲಸವಿದೆ.

ಈ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಮುಸ್ಲಿಂ ಕುಶಲಕರ್ಮಿಗಳು ಪ್ರಮುಖರು. ಮೊದಲು ಚಿತ್ರವನ್ನು ಕಾಗದದ ಮೇಲೆ ಬಿಡಿಸುತ್ತಾರೆ. ಚಿತ್ರದ ಒಂದೊಂದು ಭಾಗವನ್ನೂ ಅದಕ್ಕೆ ಹೊಂದುವ ಬಣ್ಣದ ಮರದಿಂದ ಸಣ್ಣ ಕೈಗರಗಸದಲ್ಲಿ ಕತ್ತರಿಸುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ, ಹೀಗೆ. ಬೀಟೆ ಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ, ಚೂರನ್ನು ಅಂಟಿನಿಂದ ಕೂಡಿಸಿ, ಉಜ್ಜಿ ಪಾಲಿಶ್ ಮಾಡುತ್ತಾರೆ. ಚೂರಿನ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಗುಳಿಯ ಆಳ ಹೊಂದುವುದಿಲ್ಲ. ಉಜ್ಜುವಾಗ ಚಿತ್ರದ ಅಂಚೇ ಸವೆದು ಹೋಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಆನೆಗಳ ದೃಷ್ಟಿಯಿಂದ ಅದು ನ್ಯಾಯವೇ. ದಂತ ಹೋದ ಮೇಲೆ ಪ್ಲಾಸ್ಟಿಕ್ ಬಂತು. ಬಣ್ಣಬಣ್ಣದ ಮರಗಳ ಬಳಕೆಯೂ ಮುಂದುವರಿಯಿತು. ನನ್ನ ಅಭಿಪ್ರಾಯದಲ್ಲಿ ಮರದ ಕೆಲಸವೇ ಈ ಕಲೆಗೆ ಮರ್ಯಾದೆ ತರುವಂಥದು. ಅಂದಿನಿಂದ ತೆಳು ಹಲಗೆಯ ಬೆಲೆ ಇನ್ನೂ ಹೆಚ್ಚಿತು.

ಇನ್ನು ಗರಗಸದ ಕಥೆ. ಯಂತ್ರ ಬರುವ ಮೊದಲು ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಲಂಡನ್ ಬಳಿಯ ಬ್ಯಾಟರ್‌ಸಿಯಲ್ಲಿ ದೊಡ್ಡ ವೃತ್ತಾಕಾರದ ಗರಗಸಗಳಿಂದ ವಿನಿಯರ್ ಕೊಯ್ಯುವ ಕಾರ್ಖಾನೆ ನಡೆಸಿದ. ಅದೇ ಹೊತ್ತಿಗೆ ವಿಲಿಯಂ ನ್ಯೂಬೆರಿ ಎಂಬ ಇಂಗ್ಲಿಷಿನವನಿಗೆ ಬೇರೊಂದು ಯೋಚನೆ ಹೊಳೆಯಿತು. ಹಲ್ಲುಳ್ಳ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಕೂಡಿಸಿ ಎರಡು ಚಕ್ರಗಳ ಮೇಲೆ ಓಡಿಸಿದರೆ ಹೇಗೆ? ಪೇಟೆಂಟ್ ಸಿಕ್ಕಿತು, ಯಂತ್ರ ಮಾತ್ರ ನಡೆಯಲಿಲ್ಲ. ಚಕ್ರದ ಮೇಲೆ ಬಾಗಿ ಬಾಗಿ ಪಟ್ಟಿ ಬೆಸುಗೆಯ ಜಾಗದಲ್ಲಿ ತುಂಡಾಗುತ್ತಿತ್ತು. ಸುಮಾರು ನಾಲ್ಕು ದಶಕ ಆ ಯೋಚನೆ ಮೂಲೆಗೆ ಬಿದ್ದಿತ್ತು. ಬೆಸುಗೆಯ ಸಮಸ್ಯೆಯನ್ನು ಬಿಡಿಸಿ 1846ರಲ್ಲಿ ಪೇಟೆಂಟ್ ಕೇಳಿದವರು ಫ್ರಾನ್ಸಿನ ಆನ್ ಪೌಲಿನ್ ಕ್ರೆಪಾನ್ ಎಂಬ ಮಹಿಳೆ. ನಮ್ಮ ವಿದ್ಯಾರ್ಥಿನಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ. ಅವರಿಂದ ಹಕ್ಕು ಕೊಂಡ ಪ್ಯಾರಿಸಿನ ಪೆರಾನ್ ಕಂಪನಿ ಒಳ್ಳೆಯ ಉಕ್ಕಿನ ಪಟ್ಟಿಗಳನ್ನು ಮಾಡಿ ಜಗತ್ತಿಗೆ ಬ್ಯಾಂಡ್ ಸಾ, ಅಂದರೆ ಪಟ್ಟಿ ಗರಗಸವನ್ನು ಕೊಟ್ಟಿತು.

ಇದರ ಲಾಭ ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಒಂದು ಇಂಚು, ಅಂದರೆ 25 ಮಿಲಿಮೀಟರ್ ದಪ್ಪದ ಹಲಗೆಯಿಂದ 2 ಮಿಲಿಮೀಟರಿನ ಹಾಳೆಗಳು ಬೇಕು. ವೃತ್ತಾಕಾರದ ಗರಗಸ ಒಂದೊಂದು ಕೊಯ್ತಕ್ಕೆ ಸುಮಾರು 3 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ಸಿಗುವುದು ಐದು ಹಾಳೆ. ಪಟ್ಟಿ ಗರಗಸ ತಿನ್ನುವುದು ಸುಮಾರು 1 ಮಿಲಿಮೀಟರ್, ಸಿಗುವುದು ಎಂಟು. ನಡುನಡುವೆ ರಂದಾ ಹೊಡೆಯುವುದರಲ್ಲಿ ಒಂದೆರಡು ಕಳೆದರೂ ಲಾಭ ಲಾಭವೇ. 2017ರಿಂದ ಬೀಟೆ ಮರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಅದನ್ನು ಹೊಟ್ಟು ಮಾಡಿ ಕಳೆಯುವ ಕಾಲ ಇದಲ್ಲ.

ಆದರೆ ಎಂಟು ಹಾಳೆ ಸಿಗಬೇಕಾದರೆ ಯಂತ್ರ ಹೊಂದಿಕೆಯಾಗಿರಬೇಕು. ಐಟಿಐನಲ್ಲಿ ಮರಗೆಲಸ ಕಲಿಯುವ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಪ್ಪ ಮರವನ್ನು ಸೀಳಲು ಅಗಲವಾದ, ಕಡಿಮೆ ಹಲ್ಲುಗಳ ಪಟ್ಟಿ ಬೇಕು. 14 ಇಂಚಿನ ಚಕ್ರದ ಸಣ್ಣ ಯಂತ್ರಕ್ಕೆ ಅರ್ಧ ಇಂಚು ಅಗಲದ, ಇಂಚಿಗೆ ಮೂರು ಹಲ್ಲಿನ ಪಟ್ಟಿ ಒಪ್ಪುತ್ತದೆ. ಹಲ್ಲು ಹೆಚ್ಚಾದರೆ ಕೊಯ್ತ ನಯವಾಗುತ್ತದೆ ಎಂಬ ಭ್ರಮೆ ಬಹಳ ಜನರಲ್ಲಿದೆ. ಸೀಳುವ ಕೆಲಸದಲ್ಲಿ ಹಲ್ಲಿನ ನಡುವಿನ ಜಾಗ ಹೊಟ್ಟಿನಿಂದ ತುಂಬಿ, ಪಟ್ಟಿ ಕಾದು, ದಾರಿ ಬಿಟ್ಟು ಓಡುತ್ತದೆ.

ಪಟ್ಟಿ ಏರಿಸುವ ಮೊದಲು ಕರೆಂಟ್ ತೆಗೆಯಬೇಕು, ಗೈಡುಗಳನ್ನು ದೂರ ಸರಿಸಬೇಕು. ಪಟ್ಟಿಯನ್ನು ಬಿಗಿ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಮೇಲಿನ ಚಕ್ರದ ಓರೆಯನ್ನು ತಿದ್ದಿ ಪಟ್ಟಿ ಒಂದೇ ಜಾಗದಲ್ಲಿ ಓಡುವಂತೆ ಮಾಡಬೇಕು. ಬಿಗಿ ಕಡಿಮೆಯಾದರೆ ಮರದ ಒಳಗೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಹೊರಗಿನಿಂದ ನೋಡಿದರೆ ಕೊಯ್ತ ನೇರ, ಒಳಗೆ ಹಾಳೆಗೆ ಹೊಟ್ಟೆ ಬಂದಿರುತ್ತದೆ. ಅಕ್ಕಪಕ್ಕದ ಗೈಡುಗಳು ಪಟ್ಟಿಯಿಂದ ಒಂದು ಕಾಗದದಷ್ಟು ದೂರದಲ್ಲಿರಬೇಕು, ಹಲ್ಲಿಗೆ ತಾಗಬಾರದು. ಹಿಂದಿನ ಬೇರಿಂಗ್ ಸುಮ್ಮನೆ ಓಡುವಾಗ ಮುಟ್ಟದೆ, ಮರ ತಾಗಿದಾಗ ಮಾತ್ರ ಆನಿಸಿಕೊಳ್ಳಬೇಕು. ಮೇಜು ಪಟ್ಟಿಗೆ ಮೂಲೆಮಟ್ಟದಲ್ಲಿದೆಯೇ ನೋಡಬೇಕು. ಮೇಲಿನ ಗೈಡನ್ನು ಮರಕ್ಕೆ ಸಾಧ್ಯವಾದಷ್ಟು ಹತ್ತಿರಕ್ಕೆ ಇಳಿಸಬೇಕು.

ಅನೇಕರು ಎಡವುವುದು ಇದರ ನಂತರ. ಹೆಚ್ಚಿನ ಪಟ್ಟಿಗಳು ನೇರವಾಗಿ ಕೊಯ್ಯುವುದಿಲ್ಲ, ಸ್ವಲ್ಪ ಎಡಕ್ಕೋ ಬಲಕ್ಕೋ ಎಳೆಯುತ್ತವೆ. ಅದನ್ನು ಜಗ್ಗಿ ನೇರ ಮಾಡಲು ಹೋದರೆ ಹಾಳೆ ಕೆಡುತ್ತದೆ. ಹಾಗಾಗಿ ಒಂದು ನೇರ ಅಂಚಿನ ಚಿಪ್ಪು ಮರದ ಮೇಲೆ ಅಂಚಿಗೆ ಸಮಾನವಾಗಿ ಗೆರೆ ಎಳೆದು, ಆಸರೆಯಿಲ್ಲದೆ ಕೈಯಲ್ಲೇ ಆ ಗೆರೆಯ ಗುಂಟ ಅರ್ಧದವರೆಗೆ ಕೊಯ್ಯಬೇಕು. ಅಲ್ಲಿ ಮರವನ್ನು ಅಲುಗಾಡಿಸದೆ ಹಿಡಿದು ಯಂತ್ರ ನಿಲ್ಲಿಸಬೇಕು. ಮರದ ಅಂಚು ಮೇಜಿನ ಮೇಲೆ ಯಾವ ಓರೆಯಲ್ಲಿದೆಯೋ ಅದನ್ನು ಪೆನ್ಸಿಲಿನಿಂದ ಗುರುತು ಮಾಡಿ, ಆಸರೆಯ ಪಟ್ಟಿಯನ್ನು (ಫೆನ್ಸ್) ಅದೇ ಓರೆಗೆ ಕಟ್ಟಬೇಕು. ಕೊಯ್ಯುವ ಹಲಗೆಯ ಒಂದು ಮುಖ ಮತ್ತು ಒಂದು ಅಂಚಿಗೆ ಮೊದಲೇ ರಂದಾ ಹೊಡೆದಿರಬೇಕು. ಒಂದು ಹಾಳೆ ಬಿದ್ದ ಮೇಲೆ ಉಳಿದ ಹಲಗೆಯ ಮುಖಕ್ಕೆ ಮತ್ತೆ ರಂದಾ. ಆಗ ಪ್ರತಿ ಹಾಳೆಗೂ ಒಂದು ಬದಿ ನುಣುಪಾಗಿರುತ್ತದೆ, ಆ ಬದಿಗೇ ಅಂಟು. ತಳ್ಳುವಾಗ ಆತುರ ಬೇಡ, ಕೊನೆಯ ಭಾಗಕ್ಕೆ ಬೆರಳಲ್ಲ, ತಳ್ಳುಕೋಲು.

ಮೈಸೂರಿನ ಬೀಟೆ ಕೆಲಸಕ್ಕೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆಯ ಪತ್ರ ಹೆಸರನ್ನು ಕಾಯುತ್ತದೆ, ಕೈಯನ್ನಲ್ಲ. ಅಪ್ಪನ ಕೆಲಸ ಮಗನಿಗೆ ಬೇಡ ಎನ್ನುವ ಮಾತು ನಮ್ಮ ಊರುಗಳ ಮರಗೆಲಸದ ಮನೆಗಳಲ್ಲೂ ಕೇಳುತ್ತದೆ. ಓದಿದವನಿಗೆ ಇದು ಕಡಿಮೆಯ ಕೆಲಸ ಎಂಬ ಭಾವನೆ ಅದರ ಹಿಂದಿದೆ. ಓರೆಯನ್ನು ಅಳೆಯುವುದು, ಉಕ್ಕಿನ ಬಿಗಿಯನ್ನು ತಿಳಿಯುವುದು, ಮಿಲಿಮೀಟರಿನ ಲೆಕ್ಕ ಹಾಕುವುದು ಓದಿಲ್ಲದೆ ಆಗುವ ಕೆಲಸವೇ? ಸ್ವಂತ ಯಂತ್ರ ಹಾಕಬೇಕೆನ್ನುವವರು ಪರವಾನಗಿಯ ವಿಷಯವನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ ಗರಗಸದ ಗಿರಣಿಗಳ ಮೇಲಿನ ನಿಯಂತ್ರಣ ಬಿಗಿಯಾಗಿದೆ. ಅಷ್ಟರವರೆಗೆ, ಪರಿಚಯದ ಅಡ್ಡೆಯಲ್ಲಿ ಅನುಮತಿ ಕೇಳಿ, ಒಂದು ಚಿಪ್ಪು ಮರ ಮತ್ತು ಪೆನ್ಸಿಲ್ ಹಿಡಿದು ಆ ಯಂತ್ರದ ಪಟ್ಟಿ ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿ ಬರಬಹುದು.