ಕರೆಂಟು ಮರಳಿದಾಗ ಪಂಪು ತಾನಾಗಿ ಓಡದಿರಲು: ಡಿವೈಸ್ ಟ್ರೀಯಲ್ಲಿ ಪಿನ್ ಹೊಂದಾಣಿಕೆ

ಸಿಂಧನೂರಿನ ಕಾಲುವೆ ಗದ್ದೆಯಾಗಲಿ, ಲಿಂಗಸುಗೂರು, ಮಸ್ಕಿ ಭಾಗದ ಕೊಳವೆಬಾವಿ ತೋಟವಾಗಲಿ, ರಾಸ್ಪ್‌ಬೆರಿ ಪೈ 4 ಬೋರ್ಡಿನಿಂದ ಪಂಪು ನಿಯಂತ್ರಿಸುವ ರೈತಬಾಂಧವರು ಪಿನ್ನಿನ ಆರಂಭಿಕ ಸ್ಥಿತಿಯನ್ನು ಅವಶ್ಯವಾಗಿ ಗಮನಿಸಬೇಕು. ವಿದ್ಯುತ್ ಬಂದೊಡನೆ ಜಿಪಿಐಒ 9ರಿಂದ 27ರವರೆಗಿನ ಪಿನ್ನುಗಳು ‘ಲೋ’ ಮಟ್ಟದಲ್ಲಿರುತ್ತವೆ. ‘ಲೋ’ ಸಂಕೇತಕ್ಕೆ ಚಾಲೂ ಆಗುವ ರಿಲೇ ಅಲ್ಲಿದ್ದರೆ, ತಂತ್ರಾಂಶ ಏಳುವ ಮೊದಲೇ ಪಂಪು ಓಡಬಹುದು. ಬಾವಿಯಲ್ಲಿ ನೀರಿಲ್ಲದಿದ್ದರೆ ಮೋಟಾರು ಸುಡಬಹುದು. ಆದುದರಿಂದ ‘ಹೈ’ ಸಂಕೇತದ ರಿಲೇಯನ್ನೇ ಆರಿಸಿ ಜಿಪಿಐಒ 17ಕ್ಕೆ ಜೋಡಿಸಿರಿ.

ಡಿವೈಸ್ ಟ್ರೀ ಎಂದರೆ ಬೋರ್ಡಿನ ಪಹಣಿಯಿದ್ದಂತೆ. ಯಾವ ಪಿನ್ನು ಯಾವ ಕೆಲಸಕ್ಕೆಂಬುದನ್ನು ಲಿನಕ್ಸ್ ಅದರಿಂದಲೇ ತಿಳಿಯುತ್ತದೆ. ಓವರ್‌ಲೇ ಕಡತದಲ್ಲಿ ಪಿನ್ 17, ಫಂಕ್ಷನ್ 1 (ಔಟ್‌ಪುಟ್), ಪುಲ್ 1 (ಡೌನ್) ಎಂದು ಬರೆದು ರಿಲೇಯ ನೋಡ್‌ಗೆ ಕೊಂಡಿ ಹಾಕಿರಿ. ಡಿಟಿಸಿಯಿಂದ ಪರಿವರ್ತಿಸಿ, ಕಾನ್ಫಿಗ್ ಕಡತದಲ್ಲಿ ಅದರ ಹೆಸರು ಸೇರಿಸಿರಿ. ಸ್ಟಾರ್ಟರಿನ ತಂತಿ ಬಿಚ್ಚಿಟ್ಟು, ನಾಲ್ಕಾರು ಬಾರಿ ಕರೆಂಟು ತೆಗೆದು ಕೊಟ್ಟು ಪರೀಕ್ಷಿಸಿದ ಬಳಿಕವೇ ಪಂಪಿಗೆ ಜೋಡಿಸಿರಿ.